ಎರಡಾಣೆ ಮತ್ತು ಶೇಕಡಾ ಎರಡು

ಶಾಲೆಗೆ ಬೆಂಚು ಕೊಟ್ಟ ಕಂಪೆನಿ ಬೆಂಚಿನ ಬೆನ್ನಿಗೆ ತನ್ನ ಹೆಸರು ಬರೆಸುತ್ತದೆ. ಆಸ್ಪತ್ರೆಗೆ ಯಂತ್ರ ಕೊಟ್ಟರೆ ಯಂತ್ರದ ಮೇಲೆ, ಶೌಚಾಲಯ ಕಟ್ಟಿಸಿದರೆ ಅದರ ಗೋಡೆಯ ಮೇಲೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆದು ಅರ್ಧ ಬೆಳಕನ್ನು ಮುಚ್ಚುವ ಜನ ನಾವು. ಆದರೆ ಅದೇ ಕಂಪೆನಿ ತನ್ನ ಮುಖ್ಯಸ್ಥನಿಗೆ ವರ್ಷಕ್ಕೆ ಎಷ್ಟು ಸಂಬಳ ಕೊಡುತ್ತದೆ, ಗೇಟು ಕಾಯುವವನಿಗೆ ಎಷ್ಟು ಕೊಡುತ್ತದೆ ಎಂಬುದನ್ನು ಯಾವ ಗೋಡೆಯ ಮೇಲೂ ಬರೆಸುವುದಿಲ್ಲ. ದಾನದ ಲೆಕ್ಕ ಊರಿಗೆಲ್ಲ ಕಾಣುತ್ತದೆ, ಸಂಬಳದ ಲೆಕ್ಕ ವಾರ್ಷಿಕ ವರದಿಯ ನೂರಾರು ಪುಟಗಳ ನಡುವೆ ಎಲ್ಲೋ ಮಲಗಿರುತ್ತದೆ. ಎರಡೂ ಹೋಗುವುದು ಒಂದೇ ಚೀಲದಿಂದ. ಆ ಚೀಲದ ಕಥೆಯನ್ನು ನಮ್ಮ ಊರಿನ ಕಡೆಯಿಂದ ಹೇಳಿದರೆ ಹೇಗಿರುತ್ತದೆ ಎಂದು ನೋಡುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸಾಲಿಗ್ರಾಮದಲ್ಲಿ ಕುಳಿತ ಹೆಂಗಸಿಗೆ ಕಂಪೆನಿಯ ದೊಡ್ಡವರ ಸಂಬಳದ ಉಸಾಬರಿ ಏಕೆ ಎಂದು ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ಉಸಾಬರಿ ಇರಲೇಬೇಕಾದ ಜಾಗ ನಮ್ಮದು ಎಂದು ನನ್ನ ಉತ್ತರ. ನಮ್ಮ ಗುರುನರಸಿಂಹ ದೇವಸ್ಥಾನದ ಎದುರು ನಿಂತು ತೆಂಕಕ್ಕೆ ಹೋಗುವ ಬಸ್ಸು ಹತ್ತಿದರೆ ಕಾಲು ಗಂಟೆಯಲ್ಲಿ ಬ್ರಹ್ಮಾವರ, ಅಲ್ಲಿಂದ ಮುಂದೆ ಉಡುಪಿ. ಬಡಗಕ್ಕೆ ಹೋದರೆ ಕುಂದಾಪುರ. ಈ ಚಿಕ್ಕ ದಾರಿಯ ಉದ್ದಕ್ಕೂ ಭಾರತದ ಬ್ಯಾಂಕುಗಳ ಚರಿತ್ರೆಯ ಕೆಲವು ಮೊದಲ ಪುಟಗಳಿವೆ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ನಿಧಿಯನ್ನು ಆರಂಭಿಸಿದರು. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಅಲ್ಲಿದ್ದ ಹಣ 38 ರೂಪಾಯಿ, 13 ಆಣೆ, 2 ಪೈ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದು ಉಡುಪಿಯ ಹೊರಗೆ ತೆರೆದ ಮೊದಲ ಶಾಖೆ ನಮ್ಮ ಕುಂದಾಪುರದ್ದು, 1923ರಲ್ಲಿ. ಅದೇ 1906ರ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. ಇಂದಿನ ಕೆನರಾ ಬ್ಯಾಂಕ್ ಅದೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಕೈಮಗ್ಗದ ಕೆಲಸ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ ಅದು, ಅವರಿಗೆ ನೆರವಾಗಬೇಕೆಂಬುದು ಸಿಂಡಿಕೇಟಿನ ಉದ್ದೇಶಗಳಲ್ಲೊಂದು. ಈ ಸಂಸ್ಥೆಯ ಮೊದಲ ಶಾಖೆ ತೆರೆದದ್ದು 1928ರಲ್ಲಿ, ಬ್ರಹ್ಮಾವರದಲ್ಲಿ. 1931ರಲ್ಲಿ ಜಗತ್ತೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ ಎ. ಬಿ. ಶೆಟ್ಟರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು.

ಇವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ವಕೀಲರು, ಒಬ್ಬರು ವೈದ್ಯರು, ಒಬ್ಬರು ಇಂಜಿನಿಯರು. ಬ್ಯಾಂಕು ಕಟ್ಟುವ ಮೊದಲೇ ಇವರಿಗೆಲ್ಲ ಬೇರೆ ಉದ್ಯೋಗವಿತ್ತು. ಸುಬ್ಬರಾವ್ ಪೈಗಳು ಬ್ಯಾಂಕಿಗಿಂತ ಹದಿನೈದು ವರ್ಷ ಮೊದಲೇ, 1891ರಲ್ಲಿ, ಕೆನರಾ ಹೈಸ್ಕೂಲು ಆರಂಭಿಸಿದ್ದರು. 1894ರಲ್ಲಿ ಹೆಣ್ಣುಮಕ್ಕಳಿಗೆಂದೇ ಇನ್ನೊಂದು ಶಾಲೆ. ಹೆಣ್ಣುಮಕ್ಕಳನ್ನು ಓದಿಸುವ ವಿಷಯ ಊರಿನಲ್ಲಿ ಗುಸುಗುಸು ಆಗುತ್ತಿದ್ದ ಕಾಲದಲ್ಲಿ! ಆಮೇಲೆ ಬ್ಯಾಂಕು ಸ್ಥಾಪಿಸುವಾಗ ಅವರು ಹಾಕಿಕೊಂಡ ತತ್ವಗಳಲ್ಲಿ ಮೂಢನಂಬಿಕೆ ಮತ್ತು ಅಜ್ಞಾನವನ್ನು ಹೋಗಲಾಡಿಸುವುದು, ವಿದ್ಯೆ ಹರಡುವುದು, ಉಳಿತಾಯದ ಅಭ್ಯಾಸ ಬೆಳೆಸುವುದು, ಕಷ್ಟದಲ್ಲಿದ್ದವರಿಗೆ ಒದಗುವುದು ಇವೆಲ್ಲ ಇದ್ದವು. ಹಣಕಾಸಿನ ಸಂಸ್ಥೆ ಊರಿನ ಹಣದ ಹೃದಯವಾದರೆ ಸಾಲದು, ಸಮಾಜದ ಹೃದಯವೂ ಆಗಬೇಕು ಎಂಬುದು ಅವುಗಳಲ್ಲೊಂದರ ಸಾರ. ಹಾಜಿ ಅಬ್ದುಲ್ಲಾ ಸಾಹೇಬರು ದಾನವಾಗಿ ಕೊಟ್ಟ ಜಾಗದಲ್ಲಿ ಉಡುಪಿಯ ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆ ಎದ್ದಿತು. ಈ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಹುಟ್ಟಿದ್ದು ಆ ಆಸ್ಪತ್ರೆಯಲ್ಲಿ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ್ದು ಎಲ್ಲರಿಗೂ ಗೊತ್ತು.

ಆಗ ಇದಕ್ಕೆಲ್ಲ 'ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ' ಎಂಬ ಉದ್ದನೆಯ ಹೆಸರು ಇರಲಿಲ್ಲ. ಕಾನೂನಿನ ಒತ್ತಾಯವೂ ಇರಲಿಲ್ಲ. ಊರಿನಿಂದ ಗಳಿಸಿದವನು ಊರಿಗೆ ಏನಾದರೂ ಮಾಡಬೇಕು ಎಂಬ ಹಳೆಯ ನಂಬಿಕೆಯೊಂದಿತ್ತು, ಮಾಡದಿದ್ದರೆ ಜಾತ್ರೆಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟ ಎಂಬ ಸಣ್ಣ ಹೆದರಿಕೆಯೂ ಇತ್ತು. ಈ ಕಾಲವನ್ನು ಬರೇ ಬಂಗಾರದ್ದೆಂದು ಹೊಗಳುವ ಮನಸ್ಸು ನನಗಿಲ್ಲ. ಕುಟುಂಬ, ಜಾತಿ, ನೆಂಟಸ್ತಿಕೆಯ ಬಲದಿಂದಲೇ ಎಷ್ಟೋ ಸಂಸ್ಥೆಗಳು ಎದ್ದವು, ಅಧಿಕಾರವೂ ಅಲ್ಲೇ ಸುತ್ತಿತು. ಆದರೂ ಒಂದು ಮಾತು ಸತ್ಯ. ಕೊಡುವವರು ಮತ್ತು ಪಡೆಯುವವರು ಒಂದೇ ರಸ್ತೆಯಲ್ಲಿ ನಡೆಯುತ್ತಿದ್ದರು. ಮೇಲೆ ಕುಳಿತವರು ಹೇಗೆ ಬದುಕುತ್ತಾರೆಂಬುದು ಕೆಳಗಿನವರ ಕಣ್ಣಿಗೆ ಬೀಳುತ್ತಿತ್ತು.

ಈ ಕಥೆಯಲ್ಲಿ ಹೆಂಗಸರ ಪಾಲು ದೊಡ್ಡದು. 1928ರಲ್ಲೇ ಸಿಂಡಿಕೇಟಿನವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಬಾಗಿಲಿಗೆ ಬಂದು ಒಯ್ಯುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ, ಹತ್ತಿದರೂ 'ಯಜಮಾನರು ಬರಲಿಲ್ಲವೋ' ಎಂದು ಕೇಳಿಸಿಕೊಳ್ಳುವ ಹೆಂಗಸಿಗೆ ಇದು ದೊಡ್ಡ ಉಪಕಾರ. ನಾನು ಶಾಲೆಗೆ ಹೋಗುವ ಕಾಲದಲ್ಲಿ ನಮ್ಮ ಜಗಲಿಗೂ ಒಬ್ಬ ಪಿಗ್ಮಿಯವರು ಬರುತ್ತಿದ್ದರು. ಮಳೆಗಾಲದಲ್ಲಿ ಕೊಡೆ, ಬೇಸಗೆಯಲ್ಲಿ ತಲೆಗೊಂದು ಬೈರಾಸು, ಕಂಕುಳಲ್ಲಿ ಚೀಲ. ಅಮ್ಮ ಮೊಸರು ಮಾರಿದ ಚಿಲ್ಲರೆಯನ್ನು ಮೆಂತೆ ಡಬ್ಬಿಯಿಂದ ತೆಗೆದು ಎಣಿಸಿ ಕೊಡುವಳು. ನಾನೊಮ್ಮೆ ಕೇಳಿದೆ, "ಅಮ್ಮ, ಇವ್ರಿಗೆ ಬ್ಯಾಂಕಿನವ್ರ್ ಸಂಬ್ಳ ಎಷ್ಟ್ ಕೊಡ್ತ್ರ್?" ಅಮ್ಮ ನಕ್ಕಳು. "ಸಂಬ್ಳ ಎಲ್ಲಿತ್ ಮಗಾ? ನಾವ್ ಕೊಟ್ರೆ ಅವ್ರಿಗೆ ಕಮಿಶನ್, ಕೊಡ್ದಿದ್ರೆ ಎಂತದೂ ಇಲ್ಲೆ." ಅದಕ್ಕೇ ಏನೋ, ಕೈಯಲ್ಲಿ ಏನೂ ಇಲ್ಲದ ದಿನವೂ ಅವಳು ಅವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಒಂದು ಲೋಟ ಮಜ್ಜಿಗೆಯಾದರೂ ಇರುತ್ತಿತ್ತು. ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಬಂದದ್ದು ಆ ಪುಸ್ತಕದಿಂದ.

1962ರಲ್ಲಿ ಅದೇ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಹೆಂಗಸರೇ ನಡೆಸುವ ಶಾಖೆಯೊಂದನ್ನು ತೆರೆಯಿತು. ಕೌಂಟರಿನ ಈಚೆಗೆ ನಿಲ್ಲಲು ನಾಚುತ್ತಿದ್ದ ನಮ್ಮವರು ಕೌಂಟರಿನ ಆಚೆಗೂ ಕುಳಿತರು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಸ್ವಂತ ಉದ್ಯೋಗದ ತರಬೇತಿ ಕೊಡುವ ಆ ಮಾದರಿಯನ್ನು ಆಮೇಲೆ ದೇಶವೇ ಎತ್ತಿಕೊಂಡಿತು. ಬ್ರಹ್ಮಾವರದಲ್ಲೂ ಅದರ ಒಂದು ಸಂಸ್ಥೆ ಇದೆ.

ಈಗ ಇನ್ನೊಂದು ಪುಟ ತಿರುವಬೇಕು. ಇಷ್ಟೆಲ್ಲ ಹೊಗಳಿಕೆಯ ಪಿಗ್ಮಿ ಯೋಜನೆಯ ಬೆನ್ನೆಲುಬಾಗಿದ್ದ ಏಜೆಂಟರಿಗೆ ನಿಶ್ಚಿತ ಸಂಬಳವಿರಲಿಲ್ಲ. ತಾವು ಬ್ಯಾಂಕಿನ ಕೆಲಸಗಾರರೇ ಎಂದು ಅವರು ನ್ಯಾಯ ಕೇಳಿದರು. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ ಅವರ ಪರವಾಗಿ ತೀರ್ಪು ಕೊಟ್ಟಿತು. ತಿಂಗಳಿಗೆ ಇಂತಿಷ್ಟು ಠೇವಣಿ ತಂದವರಿಗೆ 750 ರೂಪಾಯಿ ನಿಶ್ಚಿತ ಕೂಲಿ, ಅದಕ್ಕೂ ಮಿಕ್ಕಿ ತಂದದ್ದಕ್ಕೆ ಶೇಕಡಾ 2ರಂತೆ ಪ್ರೋತ್ಸಾಹಧನ, ಜೊತೆಗೆ ಗ್ರಾಚ್ಯುಟಿ. ಬ್ಯಾಂಕುಗಳು ಒಪ್ಪಲಿಲ್ಲ. ಭಾರತೀಯ ಬ್ಯಾಂಕುಗಳ ಸಂಘ ಮತ್ತು ಸಿಂಡಿಕೇಟ್ ಬ್ಯಾಂಕಿನ ಕೆಲಸಗಾರರ ನಡುವಿನ ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2001ರ ಫೆಬ್ರವರಿಯಲ್ಲಿ ಮುಗಿಯಿತು. ಠೇವಣಿ ಸಂಗ್ರಾಹಕರೂ ಕೆಲಸಗಾರರೇ ಎಂದು ಕೋರ್ಟು ಹೇಳಿತು. 1988ರಲ್ಲಿ ನಿಗದಿಯಾದ 750 ರೂಪಾಯಿ ಖಾತ್ರಿಯಾಗಲು 2001 ಬರಬೇಕಾಯಿತು. ಹದಿಮೂರು ವರ್ಷದಲ್ಲಿ ಅಕ್ಕಿಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಮನೆ ನಡೆಸಿದ ನಿಮಗೆ ನಾನು ಹೇಳಬೇಕಾಗಿಲ್ಲ.

ಈ ತೀರ್ಪಿನ ಕಥೆ ತಿಳಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕುಳಿತುಬಿಟ್ಟಿತು. ಒಂದು ಸಂಸ್ಥೆ ಸಮಾಜಕ್ಕೆ ಒಳ್ಳೆಯದು ಮಾಡುತ್ತದೆ ಎಂದು ಹೇಳುವಾಗ ನಾವು ಯಾವ ಲೆಕ್ಕ ನೋಡುತ್ತೇವೆ? ಹೊರಗೆ ಕೊಟ್ಟದ್ದನ್ನೋ, ಒಳಗೆ ಹಂಚಿದ್ದನ್ನೋ? ನೆರೆಮನೆಯವರಿಗೆ ಹಬ್ಬದ ದಿನ ಹೋಳಿಗೆ ಹಂಚುವ ಮನೆಯಲ್ಲಿ ಸೊಸೆ ಹಸಿದಿದ್ದರೆ ಆ ಮನೆಯನ್ನು ನಾವು ಉದಾರಿಗಳ ಮನೆ ಎನ್ನುತ್ತೇವೆಯೆ?

ಇನ್ನು ಮೇಲಿನವರ ಸಂಬಳದ ಕಡೆಗೆ ಬರೋಣ. ಅದಕ್ಕೂ ಒಂದು ಚರಿತ್ರೆಯಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಬಹಳಷ್ಟು ಕಂಪೆನಿಗಳನ್ನು ನಡೆಸುತ್ತಿದ್ದವರು ಮ್ಯಾನೇಜಿಂಗ್ ಏಜೆಂಟರು. ಚಹಾ ತೋಟವಿರಲಿ, ಸೆಣಬಿನ ಗಿರಣಿಯಿರಲಿ, ಷೇರುದಾರರು ಹಣ ಹಾಕುವುದು, ಏಜೆಂಟರು ಆಡಳಿತ ನಡೆಸಿ ಕಮಿಶನ್ ತೆಗೆದುಕೊಳ್ಳುವುದು. ಮಾರಾಟದ ಮೇಲೆ, ಉತ್ಪಾದನೆಯ ಮೇಲೆ ಕಮಿಶನ್ ಇದ್ದುದರಿಂದ ಕಂಪೆನಿಗೆ ನಷ್ಟವಾದರೂ ಏಜೆಂಟರಿಗೆ ಲಾಭವೇ. 1936ರ ತಿದ್ದುಪಡಿ ಇದನ್ನು ನಿವ್ವಳ ಲಾಭಕ್ಕೆ ಕಟ್ಟಿಹಾಕಲು ನೋಡಿತು. ಸ್ವಾತಂತ್ರ್ಯದ ನಂತರ ಬಂದ 1956ರ ಕಂಪೆನಿ ಕಾಯಿದೆ ಅವರ ಪಾಲಿಗೆ ಲಾಭದ ಶೇಕಡಾ 10ರ ಮಿತಿ ಹಾಕಿತು. 1970ರ ಏಪ್ರಿಲ್‌ನಲ್ಲಿ ಆ ಪದ್ಧತಿಯೇ ರದ್ದಾಯಿತು. ಅದೇ 1956ರ ಕಾಯಿದೆ ಇನ್ನೊಂದು ಮಿತಿಯನ್ನೂ ಹಾಕಿತ್ತು. ಸಾರ್ವಜನಿಕ ಕಂಪೆನಿಯೊಂದರ ನಿರ್ದೇಶಕರು ಮತ್ತು ಆಡಳಿತಗಾರರು ಎಲ್ಲರೂ ಸೇರಿ ತೆಗೆದುಕೊಳ್ಳುವ ಸಂಭಾವನೆ ನಿವ್ವಳ ಲಾಭದ ಶೇಕಡಾ 11ನ್ನು ಮೀರಬಾರದು.

ಈ ಹನ್ನೊಂದು ಎಂಬ ಅಂಕೆಯನ್ನು ದಯವಿಟ್ಟು ನೆನಪಿಡಿ. 2013ರಲ್ಲಿ ಹೊಸ ಕಂಪೆನಿ ಕಾಯಿದೆ ಬಂದಾಗಲೂ ಅದು ಹಾಗೆಯೇ ಉಳಿಯಿತು. ಆ ಹೊಸ ಕಾಯಿದೆಯ 135ನೆಯ ಸೆಕ್ಷನ್ನಿನಲ್ಲಿ ಇನ್ನೊಂದು ಅಂಕೆ ಹುಟ್ಟಿಕೊಂಡಿತು. 500 ಕೋಟಿ ನಿವ್ವಳ ಆಸ್ತಿ, ಇಲ್ಲವೆ 1000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಆ ಕಂಪೆನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ಹೀಗೆ ಕಾನೂನಿನಲ್ಲೇ ಬರೆದಿಟ್ಟ ದೇಶಗಳಲ್ಲಿ ನಮ್ಮದು ಮೊದಲ ಸಾಲಿನದು. 2021ರಿಂದ, ಖರ್ಚಾಗದೆ ಉಳಿದ ಹಣವನ್ನು ನಿಗದಿತ ಖಾತೆಗೆ ಅಥವಾ ನಿಧಿಗೆ ಹಾಕದಿದ್ದರೆ ದಂಡವೂ ಇದೆ.

ಎರಡೂ ಅಂಕೆಗಳನ್ನು ಲೆಕ್ಕ ಹಾಕುವುದು ಅದೇ ಕಾಯಿದೆಯ ಒಂದೇ ಸೆಕ್ಷನ್ನಿನಲ್ಲಿ ಹೇಳಿದ ನಿವ್ವಳ ಲಾಭದ ಮೇಲೆ. ಸಮಾಜಕ್ಕೆ ಕನಿಷ್ಠ ಎರಡು, ಆಡಳಿತ ಮಂಡಳಿಗೆ ಗರಿಷ್ಠ ಹನ್ನೊಂದು. ಹನ್ನೊಂದಕ್ಕೆ 1956ರಲ್ಲೇ ಜಾಗ ಸಿಕ್ಕಿತು, ಎರಡಕ್ಕೆ ಜಾಗ ಸಿಗಲು ಐವತ್ತೇಳು ವರ್ಷ ಬೇಕಾಯಿತು. ಹನ್ನೊಂದರ ಬೇಲಿಯೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಮೊದಲು ಅದನ್ನು ದಾಟಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕಿತ್ತು. 2018ರ ಸೆಪ್ಟೆಂಬರಿನಿಂದ ಷೇರುದಾರರ ವಿಶೇಷ ನಿರ್ಣಯವೊಂದಿದ್ದರೆ ಸಾಕು. ದೊಡ್ಡ ಕಂಪೆನಿಗಳಲ್ಲಿ ಲಾಭವೇ ಸಾವಿರಾರು ಕೋಟಿಯಾದ್ದರಿಂದ ಹನ್ನೊಂದರ ಹತ್ತಿರಕ್ಕೂ ಯಾರೂ ಹೋಗಬೇಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅಂದರೆ ಬೇಲಿ ಇರುವುದು ಸಣ್ಣ ಗದ್ದೆಗೆ, ದೊಡ್ಡ ಗದ್ದೆಗೆ ಅದು ಕಾಣುವುದೇ ಇಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕಂಪೆನಿ ತನ್ನದೇ ನೌಕರರ ಮತ್ತು ಅವರ ಮನೆಯವರ ಹಿತಕ್ಕೆಂದೇ ಮಾಡಿದ ಖರ್ಚು ಈ ಶೇಕಡಾ ಎರಡರಲ್ಲಿ ಸೇರುವುದಿಲ್ಲ ಎಂದು ನಿಯಮ ಹೇಳುತ್ತದೆ. ಇದಕ್ಕೆ ಕಾರಣ ಸರಿಯಾದದ್ದೇ. ನೌಕರರಿಗೆ ಕೊಡಲೇಬೇಕಾದ್ದನ್ನು ದಾನ ಎಂದು ತೋರಿಸಬಾರದಲ್ಲ! ಆದರೆ ಇದರಿಂದ ಒಂದು ವಿಚಿತ್ರ ನೋಟ ಹುಟ್ಟುತ್ತದೆ. ಸರ್ಕಾರಿ ಶಾಲೆಗೆ ಕೊಟ್ಟ ಬೆಂಚು ಹೊಣೆಗಾರಿಕೆಯ ಪುಟದಲ್ಲಿ ಬಣ್ಣದ ಫೋಟೋ ಆಗುತ್ತದೆ. ಗುತ್ತಿಗೆಯ ಕೆಲಸದವಳ ಕೂಲಿ ಹೆಚ್ಚಿಸಿದರೆ ಅದು ಖರ್ಚಿನ ಪುಟದಲ್ಲಿ ಒಂದು ಸಣ್ಣ ಸಂಖ್ಯೆ ಮಾತ್ರ. ಆ ಕೆಲಸದವಳ ಮಗು ಅದೇ ಬೆಂಚಿನ ಮೇಲೆ ಕುಳಿತು ಓದುತ್ತಿರಲೂಬಹುದು.

ಈ ವಿಷಯ ನಮ್ಮ ರಾಜ್ಯದಲ್ಲಿ ದೊಡ್ಡ ಚರ್ಚೆಯಾದದ್ದು 2017ರಲ್ಲಿ, ಇನ್ಫೊಸಿಸ್‌ನಲ್ಲಿ. ಆ ಕಂಪೆನಿ 1981ರಲ್ಲಿ ಆರಂಭವಾದದ್ದು ಸುಧಾ ಮೂರ್ತಿಯವರು ಉಳಿಸಿಟ್ಟ ಹತ್ತು ಸಾವಿರ ರೂಪಾಯಿಯಿಂದ ಎಂಬ ಕಥೆ ನಮಗೆಲ್ಲ ಬಾಯಿಪಾಠ. ಹೆಂಗಸಿನ ಡಬ್ಬಿಯ ದುಡ್ಡು ಇಲ್ಲೂ ಇದೆ! 1994ರಲ್ಲಿ ಅದು ನೌಕರರಿಗೆ ಷೇರು ಹಂಚುವ ಯೋಜನೆ ತಂದಿತು. 1996ರಲ್ಲಿ, ಕಾನೂನು ಕೇಳುವುದಕ್ಕೆ ಹದಿನೇಳು ವರ್ಷ ಮೊದಲೇ, ಇನ್ಫೊಸಿಸ್ ಪ್ರತಿಷ್ಠಾನ ಆರಂಭವಾಯಿತು. ಅಂದರೆ ಹೊರಗಿನ ಹೊಣೆಗಾರಿಕೆಯಲ್ಲಿ ಅದು ಹಿಂದೆ ಬಿದ್ದ ಕಂಪೆನಿಯಲ್ಲ. ಆದರೂ 2017ರ ಏಪ್ರಿಲ್‌ನಲ್ಲಿ ಸ್ಥಾಪಕ ನಾರಾಯಣ ಮೂರ್ತಿಯವರೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಬಹುಪಾಲು ನೌಕರರಿಗೆ ಶೇಕಡಾ 6ರಿಂದ 8ರಷ್ಟು ಹೆಚ್ಚಳ ಕೊಟ್ಟು, ಅತಿ ಮೇಲಿನವರೊಬ್ಬರಿಗೆ ಶೇಕಡಾ 60–70ರಷ್ಟು ಹೆಚ್ಚಿಸುವುದು ಸರಿಯಲ್ಲ ಎಂಬುದು ಅವರ ವಾದ. ಇಂಥದ್ದರಿಂದ ಕೆಳಗಿನವರಿಗೆ ಆಡಳಿತದ ಮೇಲಿನ ನಂಬಿಕೆಯೇ ಹೋಗುತ್ತದೆ ಎಂದರು. ಹಿಂದಿನ ಹಣಕಾಸು ಮುಖ್ಯಸ್ಥರೊಬ್ಬರಿಗೆ ಬಿಡುವಾಗ ಕೊಡಲು ಒಪ್ಪಿದ ದೊಡ್ಡ ಮೊತ್ತದ ಬಗ್ಗೆಯೂ ತಕರಾರಿತ್ತು. ಆಗಸ್ಟ್ 18ರಂದು ಮುಖ್ಯಸ್ಥರಾಗಿದ್ದ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ವಾರದೊಳಗೆ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು, ಸಂಭಾವನೆ ಬೇಡವೆಂದರು.

ಆ ಜಗಳದಲ್ಲಿ ಯಾರು ಸರಿ ಎಂಬ ತೀರ್ಪು ಕೊಡುವಷ್ಟು ದೊಡ್ಡವಳು ನಾನಲ್ಲ. ಸ್ಥಾಪಕರು ಹೊರಗಿನಿಂದ ಕೈಯಾಡಿಸಬಾರದು ಎಂದವರೂ ಇದ್ದರು. ಆಮೇಲಿನ ಲೆಕ್ಕವನ್ನೂ ನೋಡೋಣ. 2023–24ರಲ್ಲಿ ಅದೇ ಕಂಪೆನಿಯ ಮುಖ್ಯಸ್ಥರ ಸಂಭಾವನೆ 66.25 ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಪಾಲು ಷೇರುಗಳ ರೂಪದ್ದು. ಅದು ಅಲ್ಲಿನ ಮಧ್ಯಮ ನೌಕರನ ಸಂಬಳದ ಆರುನೂರು ಪಟ್ಟಿಗೂ ಮಿಕ್ಕಿದ್ದು. ಅದೇ ವರ್ಷ ಸಾಮಾಜಿಕ ಹೊಣೆಗಾರಿಕೆಗೆ ಕಂಪೆನಿ ವೆಚ್ಚ ಮಾಡಿದ್ದು ನಾನೂರು ಕೋಟಿಗೂ ಹೆಚ್ಚು. ಎರಡೂ ಸತ್ಯ. ಎರಡನೆಯದನ್ನು ನೋಡಿ ಮೊದಲನೆಯದನ್ನು ಮರೆಯಬೇಕಾಗಿಲ್ಲ, ಮೊದಲನೆಯದನ್ನು ನೋಡಿ ಎರಡನೆಯದನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ.

ಇದು ನಮ್ಮಲ್ಲಿ ಮಾತ್ರ ಹೀಗೆ ಎಂದಲ್ಲ. ಅಮೆರಿಕದ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಲೆಕ್ಕದಂತೆ ಅಲ್ಲಿನ ದೊಡ್ಡ ಕಂಪೆನಿಗಳ ಮುಖ್ಯಸ್ಥರು 1965ರಲ್ಲಿ ಸಾಮಾನ್ಯ ಕೆಲಸಗಾರನ ಸುಮಾರು 20 ಪಟ್ಟು ಪಡೆಯುತ್ತಿದ್ದರು, 2023ರಲ್ಲಿ ಸುಮಾರು 290 ಪಟ್ಟು. ಕಂಪೆನಿಗಳ ಹೊಣೆಗಾರಿಕೆಯ ಮಾತು ಜೋರಾಗಿ ಬೆಳೆದದ್ದೂ ಇದೇ ವರ್ಷಗಳಲ್ಲಿ.

ದೊಡ್ಡ ಸಂಬಳದ ಪರವಾದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಲಕ್ಷಾಂತರ ಜನರಿಗೆ ಉದ್ಯೋಗ ಕೊಡುವ ಸಂಸ್ಥೆ ನಡೆಸುವುದು ಹಗುರದ ಕೆಲಸವಲ್ಲ, ಒಳ್ಳೆಯವರು ಬೇಕಾದರೆ ಬೆಲೆ ಕೊಡಬೇಕು ಎನ್ನುತ್ತಾರೆ. ಸರಿ. ಹಾಗಿದ್ದರೆ ನಮ್ಮ ಸರ್ಕಾರಿ ಬ್ಯಾಂಕುಗಳನ್ನು ನೋಡಿ. 1969ರ ಜುಲೈ 19ರಂದು ಕೆನರಾ ಮತ್ತು ಸಿಂಡಿಕೇಟ್, 1980ರ ಏಪ್ರಿಲ್ 15ರಂದು ಕಾರ್ಪೊರೇಷನ್ ಮತ್ತು ವಿಜಯಾ ರಾಷ್ಟ್ರೀಕೃತವಾದವು. ಅಂದಿನಿಂದ ಇಂಥ ಬ್ಯಾಂಕುಗಳ ಮುಖ್ಯಸ್ಥರ ಸಂಬಳ ನಿಗದಿ ಮಾಡುವುದು ಸರ್ಕಾರ. 2022–23ರಲ್ಲಿ ದೇಶದ ಅತಿದೊಡ್ಡ ಬ್ಯಾಂಕಾದ ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಿಗೆ ವರ್ಷಕ್ಕೆ ಸಿಕ್ಕಿದ್ದು ಸುಮಾರು 37 ಲಕ್ಷ ರೂಪಾಯಿ. ಅದೇ ವರ್ಷ ಖಾಸಗಿಯವರಲ್ಲಿ ದೊಡ್ಡದಾದ ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯಸ್ಥರಿಗೆ 10 ಕೋಟಿ 55 ಲಕ್ಷ. ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಿಗೆ ಜವಾಬ್ದಾರಿ ಕಡಿಮೆಯೆ? ಹಳ್ಳಿಹಳ್ಳಿಯ ಶಾಖೆ, ಪಿಂಚಣಿ, ಜನಧನ ಖಾತೆ ಎಲ್ಲ ಅವರ ತಲೆಯ ಮೇಲೇ ಇತ್ತಲ್ಲ! ಮೂವತ್ತೇಳು ಲಕ್ಷ ತೀರ ಕಡಿಮೆಯಾಯಿತು ಎಂದು ಯಾರಾದರೂ ವಾದಿಸಿದರೆ ನಾನು ಕೇಳಿಸಿಕೊಂಡೇನು. ಆದರೆ ಕೋಟಿ ಕೋಟಿ ಕೊಡದೆ ಯಾರೂ ದೊಡ್ಡ ಬ್ಯಾಂಕು ನಡೆಸಲಾರರು ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ತಮಾಷೆಯೆಂದರೆ, ಈ ರಾಷ್ಟ್ರೀಕೃತ ಬ್ಯಾಂಕುಗಳು ಬೇರೆಯೇ ಕಾಯಿದೆಯಿಂದ ಹುಟ್ಟಿದವಾದ್ದರಿಂದ ಶೇಕಡಾ ಎರಡರ ನಿಯಮ ಅವಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಹಳ್ಳಿಯ ಹೆಂಗಸರ ಸ್ವಸಹಾಯ ಗುಂಪಿಗೆ ಸಾಲ ಕೊಡುವ ಕೆಲಸದಲ್ಲಿ ಅವು ಎಂದಿನಿಂದಲೂ ಮುಂದೆ ಇದ್ದವು. ಅವುಗಳ ಹೊಣೆಗಾರಿಕೆ ದಿನದ ಕೆಲಸದಲ್ಲೇ ಬೆರೆತಿತ್ತು. ಈಗ ನಮ್ಮ ನೆಲದ ನಾಲ್ಕರಲ್ಲಿ ಮೂರು ಹೆಸರುಗಳೇ ಬೋರ್ಡಿನಿಂದ ಇಳಿದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ, ಕಾರ್ಪೊರೇಷನ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು.

ಹೀಗಾದರೆ ನಮ್ಮಂಥವರು ಮಾಡಬಹುದಾದ್ದು ಏನು? ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಪಕ್ಕದ ಪಾರಂಪಳ್ಳಿಯ ಮಯ್ಯರು ನೆನಪಾಗುತ್ತಾರೆ. ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್, ಅಂದರೆ ಎಂ.ಟಿ.ಆರ್. ಆಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲು ತಿಂಡಿಗಳ ಬೆಲೆಯನ್ನು ತೀರ ಕೆಳಗೆ ಇಳಿಸಿತು. ಅಲ್ಲಿನವರು ತಿಂಡಿಯ ಗುಣ ಕೆಡಿಸಲಿಲ್ಲ. ಕಡಿಮೆ ಬೆಲೆಗೇ ಬಡಿಸಿ, ಪ್ರತಿದಿನ ಆದ ನಷ್ಟವನ್ನು ಹೋಟೆಲಿನ ಹೊರಗೆ ಬೋರ್ಡಿನ ಮೇಲೆ ಬರೆದಿಟ್ಟರು. ನನಗೆ ಇದರಲ್ಲಿ ಹಿಡಿಸಿದ್ದು ಆ ಬೋರ್ಡು. ಒಳಗಿನ ಲೆಕ್ಕವನ್ನು ಹೊರಬಾಗಿಲಿಗೆ ತಂದು ನಿಲ್ಲಿಸಿ, ನೋಡಿ, ನೀವೇ ಹೇಳಿ ಎಂದ ಧೈರ್ಯ.

ಅಂಥ ಬೋರ್ಡೊಂದು ಈಗ ಕಾನೂನಿನಲ್ಲಿದೆ, ನಾವು ಓದುವುದಿಲ್ಲ ಅಷ್ಟೆ. 2013ರ ಕಾಯಿದೆಯ ಪ್ರಕಾರ ಷೇರುಪೇಟೆಯಲ್ಲಿರುವ ಪ್ರತಿ ಕಂಪೆನಿ ತನ್ನ ಒಬ್ಬೊಬ್ಬ ನಿರ್ದೇಶಕನ ಸಂಭಾವನೆ ಮಧ್ಯಮ ನೌಕರನ ಸಂಬಳದ ಎಷ್ಟು ಪಟ್ಟು ಎಂದು ಪ್ರಕಟಿಸಬೇಕು. ಮಧ್ಯಮ ಎಂದರೆ ಎಲ್ಲ ನೌಕರರನ್ನು ಸಂಬಳದ ಸಾಲಿನಲ್ಲಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಲ್ಲುವವರು. ಷೇರುಪೇಟೆಯ ದೊಡ್ಡ ಸಾವಿರ ಕಂಪೆನಿಗಳು 2022–23ರಿಂದ ಇನ್ನೊಂದು ವರದಿಯನ್ನೂ ಕೊಡಬೇಕಾಗಿದೆ. ಅದರಲ್ಲಿ ಗಂಡಸು ನೌಕರರ ನಡುವಿನ ಸಂಬಳ ಎಷ್ಟು, ಹೆಂಗಸು ನೌಕರರದ್ದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕು. ಹೆಂಗಸರಿಗೆ ಹೊಲಿಗೆ ಯಂತ್ರ ಹಂಚಿದ ಫೋಟೋ ಇರುವ ವರದಿಯಲ್ಲೇ, ಕೆಲವು ಪುಟ ಆಚೆಗೆ, ಆ ಕಂಪೆನಿ ತನ್ನ ಮನೆಯೊಳಗಿನ ಹೆಂಗಸರಿಗೆ ಏನು ಕೊಡುತ್ತದೆಂಬ ಅಂಕೆಯೂ ಇರುತ್ತದೆ. ಖಾಸಗಿ ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು 2020ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ ಮುಖ್ಯಸ್ಥರ ಸಂಭಾವನೆಯಲ್ಲಿ ಕನಿಷ್ಠ ಅರ್ಧ ಭಾಗ ಕೆಲಸದ ಫಲಕ್ಕೆ ತಕ್ಕಂತೆ ಬದಲಾಗಬೇಕು, ಆಮೇಲೆ ಹಗರಣವೇನಾದರೂ ಹೊರಬಿದ್ದರೆ ಕೊಟ್ಟದ್ದನ್ನು ವಾಪಸು ಪಡೆಯಲೂ ಅವಕಾಶವಿರಬೇಕು.

ನಮ್ಮ ಊರಿನ ಹಂಚಿನ ಮನೆಗಳಲ್ಲಿ ಈಗ ವಯಸ್ಸಾದವರು ಇದ್ದೇವೆ, ಮಕ್ಕಳು ಬೆಂಗಳೂರಿನಲ್ಲಿ ಕಂಪೆನಿಗಳಲ್ಲಿದ್ದಾರೆ. ನಮ್ಮಲ್ಲಿ ಕೆಲವರ ಹೆಸರಿನಲ್ಲಿ ಹತ್ತಿಪ್ಪತ್ತು ಷೇರುಗಳೂ ಇವೆ, ಮ್ಯೂಚುವಲ್ ಫಂಡಿನ ಕಂತುಗಳೂ ಇವೆ. ಅಂದರೆ ಎರಡಾಣೆ ಕೊಡುತ್ತಿದ್ದ ಅಮ್ಮಂದಿರ ಜಾಗದಲ್ಲಿ ಇಂದು ನಾವಿದ್ದೇವೆ. ದುಡ್ಡು ನಮ್ಮದೂ ಹೌದು. ಆದ್ದರಿಂದ ಕೇಳುವ ಹಕ್ಕೂ ನಮ್ಮದು. ಷೇರಿದ್ದವರಿಗೆ ಮುಖ್ಯಸ್ಥರ ಸಂಭಾವನೆಯ ನಿರ್ಣಯಕ್ಕೆ ಮನೆಯಲ್ಲೇ ಕುಳಿತು ಫೋನಿನಿಂದ ಮತ ಹಾಕುವ ಅವಕಾಶವಿದೆ. ಹತ್ತು ಷೇರಿನ ಮತದಿಂದ ಏನಾದೀತು ಎನ್ನಬೇಡಿ. ಎರಡಾಣೆಯಿಂದ ಏನಾದೀತು ಎಂದು ನಮ್ಮ ಅಮ್ಮಂದಿರು ಕೇಳಿದ್ದರೆ ಆ ಬ್ಯಾಂಕೇ ಬೆಳೆಯುತ್ತಿರಲಿಲ್ಲ.

ಕೇಳಬೇಕಾದ ಪ್ರಶ್ನೆಗಳು ಮೂರೇ. ಹೊರಗೆ ಎಷ್ಟು ಕೊಟ್ಟಿರಿ? ಮೇಲಿನವರು ಎಷ್ಟು ತೆಗೆದುಕೊಂಡಿರಿ? ಬಿಸಿಲಲ್ಲಿ ನಡೆದವರಿಗೆ ಎಷ್ಟು ಸಿಕ್ಕಿತು? ಮೊದಲನೆಯದಕ್ಕೆ ಎಲ್ಲರೂ ಸಂತೋಷದಿಂದ ಉತ್ತರ ಹೇಳುತ್ತಾರೆ, ಚೆಂದದ ಪುಸ್ತಕ ಅಚ್ಚು ಹಾಕಿಸಿ ಹೇಳುತ್ತಾರೆ. ಎರಡನೆಯದಕ್ಕೆ ಕಾನೂನು ಕೇಳಿದ್ದರಿಂದ ಹೇಳುತ್ತಾರೆ. ಮೂರನೆಯದಕ್ಕೆ ಉತ್ತರ ಬೇಕಾದರೆ, ಪಿಗ್ಮಿಯವರ ಹಾಗೆ, ಈಗಲೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಈ ಮೂರನ್ನೂ ಒಂದೇ ಬೋರ್ಡಿನ ಮೇಲೆ, ಒಂದೇ ಅಳತೆಯ ಅಕ್ಷರದಲ್ಲಿ ಬರೆಯುವ ಕಂಪೆನಿ ಬಂದರೆ ಅದರ ಹೆಸರನ್ನು ನಮ್ಮ ಶಾಲೆಯ ಬೆಂಚಿನ ಮೇಲೆ ನಾವೇ ಬರೆಸೋಣ.